ಸೀಟಿ ಇದೆ, ಈಜು ಬರಲ್ಲ

ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಈಜುಕೊಳಕ್ಕೆ ಜನ ಸೇರುವುದು ಎರಡೇ ಕಡೆ: ಬಿಲ್ಡರ್‌ನ ಬ್ರೋಷರಿನಲ್ಲಿ, ಆಮೇಲೆ ಶುಲ್ಕ ನಿಗದಿ ಮಾಡುವ ವಾರ್ಷಿಕ ಸಭೆಯಲ್ಲಿ. ಉಳಿದ ದಿನ ಇಬ್ಬರು ಮಕ್ಕಳು, ನಾಲ್ಕು ಪಾರಿವಾಳ.

ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಿಸುವ ಘಟಕ) ಮೂಗು ಮುಚ್ಚಿಸುವಷ್ಟು ನಾತ ಹೊಡೆದರೂ ಸಭೆಗೆ ಬೇಕಾದಷ್ಟು ತಲೆ ಸೇರಿ ಕೋರಮ್ ಆಗುವುದಿಲ್ಲ. ‘ಈಜುಕೊಳದ ಸದಸ್ಯತ್ವ ಶುಲ್ಕ’ ಎಂದು ಲಿಫ್ಟಿನಲ್ಲಿ ನೋಟಿಸು ಅಂಟಿಸಿ ನೋಡಿ, ಅಮೆರಿಕದಲ್ಲಿರುವ ಓನರ್‌ಗಳ ಪ್ರಾಕ್ಸಿಯೂ ಬಂದು ಕೂರುತ್ತದೆ. ಮೊದಲ ಮಾತು ಎಲ್ಲ ಕಡೆಯೂ ಒಂದೇ: “ಸಾರ್, ನಮ್ಮನೇಲಿ ಯಾರೂ ಈಜಲ್ಲ, ನಾವ್ಯಾಕೆ ಕೊಡ್ಬೇಕು?” ಚಪ್ಪಾಳೆ.

ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆ 1972ರದ್ದು. ಸಾಮಾನ್ಯ ಸೌಲಭ್ಯವನ್ನು ನಾನು ಬಳಸುವುದಿಲ್ಲ ಎಂಬ ನೆಪ ಹೇಳಿ ಸಾಮಾನ್ಯ ಖರ್ಚಿನ ಪಾಲಿನಿಂದ ಜಾರಿಕೊಳ್ಳುವಂತಿಲ್ಲ ಎಂದು ಅದರಲ್ಲಿ ಆಗಲೇ ಬರೆದಿಟ್ಟಿದ್ದಾರೆ. ಆದರೆ ಸಭೆಯಲ್ಲಿ ಕಾಯ್ದೆ ಓದುವವನಿಗೆ ಮೈಕು ಸಿಕ್ಕುವ ಹೊತ್ತಿಗೆ ಸಮೋಸ ಬಂದಿರುತ್ತದೆ.

ಇನ್ನು ಲೆಕ್ಕ. 15 ಮೀಟರ್ ಉದ್ದ, 6 ಮೀಟರ್ ಅಗಲ, ಸರಾಸರಿ 1.2 ಮೀಟರ್ ಆಳದ ಕೊಳ ಎಂದುಕೊಳ್ಳಿ. 1,08,000 ಲೀಟರ್, ಅಂದರೆ 12,000 ಲೀಟರಿನ ಒಂಬತ್ತು ಟ್ಯಾಂಕರ್. ಆರು ಗಂಟೆಗೊಮ್ಮೆ ಪೂರ್ತಿ ನೀರು ಫಿಲ್ಟರ್ ದಾಟಬೇಕಾದರೆ ಪಂಪು ಗಂಟೆಗೆ 18,000 ಲೀಟರ್ ಎಳೆಯಬೇಕು. ಎರಡು ಎಚ್‌ಪಿ ಮೋಟರ್, ದಿನಕ್ಕೆ 12 ಗಂಟೆ, ಸುಮಾರು 20 ಯೂನಿಟ್. ಯೂನಿಟ್‌ಗೆ 8 ರೂಪಾಯಿ ಹಿಡಿದರೆ ತಿಂಗಳಿಗೆ 4,800. ಎರಡು ಪಾಳಿಗೆ ಇಬ್ಬರು ಲೈಫ್‌ಗಾರ್ಡ್, 50,000. ತೊಳೆಯುವವನಿಗೆ 14,000, ಕೆಮಿಕಲ್‌ಗೆ 6,000. ಬೇಸಿಗೆಯಲ್ಲಿ ದಿನಕ್ಕೆ 5 ಮಿಲಿಮೀಟರ್ ಆವಿಯಾದರೂ 450 ಲೀಟರ್ ಹೋಯಿತು; ಫಿಲ್ಟರ್ ತೊಳೆಯಲು ವಾರಕ್ಕೊಮ್ಮೆ ಐದು ನಿಮಿಷ ನೀರನ್ನು ಹಿಮ್ಮುಖ ಹರಿಸಿ ಬ್ಯಾಕ್‌ವಾಶ್ ಮಾಡಿದರೆ ಒಂದೂವರೆ ಸಾವಿರ ಲೀಟರ್ ಚರಂಡಿಗೆ. ಆ ನೀರಿಗೆ 2,000. ಪಂಪಿನ ಸೀಲು, ಫಿಲ್ಟರಿನ ಮರಳು, ಎದ್ದ ಟೈಲ್ಸಿಗೆ 3,200 ಎತ್ತಿಡಿ. ತಿಂಗಳಿಗೆ ಒಟ್ಟು 80,000.

ಈಗ ಹೇಳಿ, ಇದರಲ್ಲಿ ಈಜುವವರ ತಲೆ ಎಣಿಸಿ ಏರಿಳಿಯುವುದು ಯಾವುದು? ಕೆಮಿಕಲ್ ಒಂದೇ. ಅದರಲ್ಲೂ ಕ್ಲೋರಿನ್ನಿನ ದೊಡ್ಡ ಗಿರಾಕಿ ಸೂರ್ಯ. ಕ್ಲೋರಿನ್ನನ್ನು ಬಿಸಿಲಿನಿಂದ ಕಾಯುವ ಸೈನ್ಯೂರಿಕ್ ಆಮ್ಲ ಇಲ್ಲದ ಕೊಳದಲ್ಲಿ ಕೆಲವೇ ಗಂಟೆಯ ಬಿಸಿಲಿಗೆ ಬಹುಪಾಲು ಖಾಲಿ. ಸೂರ್ಯನಿಗೆ ಸದಸ್ಯತ್ವ ಕೊಡುವ ಪ್ರಸ್ತಾಪ ಮಾತ್ರ ಇನ್ನೂ ಬಂದಿಲ್ಲ.

ಇನ್ನೂರು ಮನೆಗೆ ಹಂಚಿದರೆ ತಿಂಗಳಿಗೆ 400 ರೂಪಾಯಿ, ಎರಡು ಪಿಜ್ಜಾದ ದುಡ್ಡು. ಸಭೆಯಲ್ಲಿ ಇದು ‘ಅನ್ಯಾಯ’. ಬಳಸುವವರೇ ಕೊಡಲಿ ಎಂದು ನಿರ್ಣಯ. ಬಳಸುವವರು 40 ಮನೆ, ತಲಾ 2,000. ಅದನ್ನು ಕೇಳಿ 15 ಮನೆ ಹಿಂದೆ ಸರಿಯಿತು. ಉಳಿದ 25ಕ್ಕೆ 3,200. ಮುಂದಿನ ವರ್ಷ ಹತ್ತೇ ಮನೆ, 8,000. ಛತ್ರದ ಬಾಡಿಗೆಯನ್ನು ಉಂಡವರ ಹೋಳಿಗೆ ಎಣಿಸಿ ವಸೂಲು ಮಾಡಿದರೆ ಕೊನೆಗೆ ಮದುಮಗನೂ ಉಪವಾಸ ಏಳುತ್ತಾನೆ.

ದರಪಟ್ಟಿಯ ಸೊಬಗು ಬೇರೆ. ಓನರ್‌ಗೊಂದು ದರ, ಟೆನೆಂಟ್‌ಗೆ ಅದರ ಒಂದೂವರೆ ಪಟ್ಟು, ಬ್ಯಾಚುಲರ್ ಟೆನೆಂಟ್‌ಗೆ ‘ಸಮಿತಿಯ ವಿವೇಚನೆಗೆ ಬಿಟ್ಟದ್ದು’. ಐದು ವರ್ಷದೊಳಗಿನ ಮಕ್ಕಳಿಗೆ ಉಚಿತ; ಹಾಗಾಗಿ ಆ ಅಪಾರ್ಟ್‌ಮೆಂಟಿನಲ್ಲಿ ಮಕ್ಕಳ ವಯಸ್ಸು ನಾಲ್ಕೂ ಮುಕ್ಕಾಲಕ್ಕೆ ನಿಂತುಬಿಡುತ್ತದೆ. ಉಚಿತ ಸದಸ್ಯರು ಡಯಾಪರ್ ಇಲ್ಲದೆ ಇಳಿದು ನೀರಿಗೆ ಏನಾದರೂ ‘ಕಾಣಿಕೆ’ ಕೊಟ್ಟರೆ ಎಲ್ಲರನ್ನೂ ಎಬ್ಬಿಸಿ, ಜಾಲರಿಯಲ್ಲಿ ಎತ್ತಿ, ಕ್ಲೋರಿನ್ 2 ಪಿಪಿಎಂ (ಲೀಟರಿಗೆ 2 ಮಿಲಿಗ್ರಾಂ), ಪಿಎಚ್ 7.5ರೊಳಗೆ ಇಟ್ಟು ಅರ್ಧ ಗಂಟೆ ಕಾಯಬೇಕು. ಕಾಣಿಕೆ ಭೇದಿಯಾಗಿದ್ದರೆ ಅರ್ಧ ಗಂಟೆ ಸಾಲದು, ಅವತ್ತಿನ ಈಜು ಮುಗಿಯಿತು.

8,000 ದುಬಾರಿ ಅನ್ನಿಸಿದಾಗ ‘ಕಾಸ್ಟ್ ಕಟಿಂಗ್’ ಉಪಸಮಿತಿ. ಮೊದಲ ಕತ್ತರಿ ಲೈಫ್‌ಗಾರ್ಡ್ ಕೊರಳಿಗೆ. ಗೇಟಿನ ಸೆಕ್ಯುರಿಟಿಯವನನ್ನೇ ಕರೆದು ಕುರ್ಚಿ ಕೊಟ್ಟು, ಕತ್ತಿಗೊಂದು ಕೆಂಪು ದಾರದ ಸೀಟಿ ಕಟ್ಟುತ್ತಾರೆ. “ಈಜು ಬರುತ್ತೇನಪ್ಪಾ?” “ಇಲ್ಲ ಸಾರ್, ಸೀಟಿ ಊದಕ್ಕೆ ಬರುತ್ತೆ.” ಪಕ್ಕದಲ್ಲೇ ಹೊಸ ಬೋರ್ಡು: ಪ್ರಾಣಕ್ಕೆ ನೀವೇ ಹೊಣೆ.

ಎರಡನೇ ಕತ್ತರಿ ಪಂಪಿಗೆ. 12 ಗಂಟೆ ಬದಲು ಎರಡೇ ಗಂಟೆ. ಉಳಿಯುವುದು ತಿಂಗಳಿಗೆ 4,000. ಏಪ್ರಿಲ್ ಬಿಸಿಲಿಗೆ ನಿಂತ ನೀರು ಕೆಲವೇ ದಿನದಲ್ಲಿ ಪಾಚಿಗಟ್ಟಿ ಪಚ್ಚೆ. ಆಗ ಊರಲ್ಲಿ ತೋಟ ಇರುವ ಸದಸ್ಯರೊಬ್ಬರು ಮೈಲುತುತ್ತ ಹಾಕಿ ಎನ್ನುತ್ತಾರೆ, ಮತ್ತೊಬ್ಬರು ಸ್ಫಟಿಕ (ಆಲಂ). ಸ್ಫಟಿಕ ಹಾಕಿದರೆ ತಳಕ್ಕೆ ಕೂತ ಕೆಸರನ್ನು ವಾಲ್ವ್ ‘ವೇಸ್ಟ್‌’ಗೆ ತಿರುಗಿಸಿ ಹೊರಗೆ ಎಳೆದು ಚೆಲ್ಲಬೇಕು. ನೀರು ದಂಡ ಎಂದು ‘ಫಿಲ್ಟರ್‌’ನಲ್ಲೇ ಓಡಿಸುತ್ತಾರೆ, ಮರಳು ಕಟ್ಟಿಕೊಳ್ಳುತ್ತದೆ, ಒತ್ತಡ ತೋರಿಸುವ ಗೇಜಿನ ಮುಳ್ಳು ಮೇಲೇರುತ್ತದೆ, ನೋಡುವವರಿಲ್ಲ.

ಅಷ್ಟರಲ್ಲಿ ಕಣ್ಣುರಿ, ಮೂಗಿಗೆ ಘಾಟು. “ಕ್ಲೋರಿನ್ ಜಾಸ್ತಿಯಾಗಿದೆ, ನಿಲ್ಸಿ!” ಕ್ಲೋರಿನ್ ಸಾಲದೇ ಹೋದದ್ದಕ್ಕೇ ಆ ಘಾಟು. ಬೆವರು, ಮೂತ್ರದ ಜೊತೆ ಸೇರಿ ಹುಟ್ಟಿದ ಕ್ಲೋರಮೈನ್ ಅದು. ಹೋಗಲಾಡಿಸಲು ಅದರ ಹತ್ತರಷ್ಟು ಕ್ಲೋರಿನ್ ಒಮ್ಮೆಗೇ ಹೊಡೆಯಬೇಕು. ಕ್ಲೋರಮೈನ್ ಅರ್ಧ ಪಿಪಿಎಂ ಇದ್ದರೆ ಈ ಕೊಳಕ್ಕೆ 65 ಶೇಕಡಾ ಕ್ಲೋರಿನ್ ಇರುವ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಪುಡಿ 830 ಗ್ರಾಂ, ಅದೂ ಬಿಸಿಲಿಳಿದ ಮೇಲೆ. ಇಳಿಯುವ ಮುನ್ನ ಷವರ್ ಮಾಡಿಸಿದ್ದರೆ ಇದರಲ್ಲಿ ಅರ್ಧ ರಗಳೆ ಇರುತ್ತಿರಲಿಲ್ಲ. ಆದರೆ ಷವರ್ ನಲ್ಲಿಯ ರಿಪೇರಿಯನ್ನೂ ಉಪಸಮಿತಿ ಮುಂದೂಡಿದೆ.

2024ರ ಮಾರ್ಚ್‌ನಲ್ಲಿ ಜಲಮಂಡಳಿ ಈಜುಕೊಳಕ್ಕೆ ಕುಡಿಯುವ ನೀರು ಬಳಸಬಾರದು, ಬಳಸಿದರೆ 5,000 ರೂಪಾಯಿ ದಂಡ ಎಂದಾಗ ಶುಲ್ಕದ ಚರ್ಚೆಗೆ ಹೊಸ ಕಳೆ ಬಂತು: ರೀಫಂಡ್. ವರ್ಷವಿಡೀ ಕಾಲು ಅದ್ದದವರೇ ಮೊದಲು ಕೈ ಎತ್ತಿದರು.

ಕೊನೆಗೆ ಕೊಳ ಖಾಲಿ ಮಾಡಿದರೆ ಖರ್ಚು ಸೊನ್ನೆ ಎಂಬ ಜಾಣ ನಿರ್ಣಯ. ಖಾಲಿ ಕೊಳದ ಟೈಲ್ಸು ಬಿಸಿಲಿಗೆ ಎದ್ದೇಳುತ್ತದೆ. ಜೋರು ಮಳೆಗೆ ಅಂತರ್ಜಲ ಏರಿದರೆ ಕೆಳಗಿನ ಒತ್ತಡಕ್ಕೆ ತಳ ಬಿರಿಯುವುದೂ ಉಂಟು. ಒಳಗಿನ ನೀರಿನ ಭಾರವೇ ಅದನ್ನು ಅದುಮಿ ಹಿಡಿದಿರುತ್ತದೆ. ರಿಪೇರಿಗೆ ಈಗ ಇನ್ನೂರು ಮನೆಯಿಂದಲೂ ವಿಶೇಷ ವಂತಿಗೆ, ಈಜದವರಿಂದಲೂ. ಒಪ್ಪಿಗೆಗೆ ಸಭೆ ಕರೆದಿದ್ದಾರೆ. ಕಾರ್ಯಸೂಚಿಯಲ್ಲಿ ಅದು ಎರಡನೆಯದು. ಮೊದಲನೆಯದು, ನೆಲಮಹಡಿಯವರು ಲಿಫ್ಟಿಗೆ ಯಾಕೆ ದುಡ್ಡು ಕೊಡಬೇಕು ಎಂಬುದು.