ಹೆಸರೊಂದು ಬಿಟ್ಟು ಏನು ಬೇಕಾದರೂ ಬರೆಯಿರಿ

ಬೆಲೆಂ ಸಮ್ಮೇಳನದ ಕಥೆ ನೀವೂ ಓದಿರುತ್ತೀರಿ. 2025ರ ನವೆಂಬರ್‌ನಲ್ಲಿ ಬ್ರೆಜಿಲ್‌ನಲ್ಲಿ ನಡೆದ ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನ. ಅಮೆಜಾನ್ ಕಾಡಿನ ಬಾಗಿಲಲ್ಲೇ ಕೂತರೆ ಮಾತಿಗೆ ಒಂದಿಷ್ಟು ತೂಕ ಬರುತ್ತದೆ ಅಂತ ಆ ಜಾಗ ಆರಿಸಿದ್ದರು. ಮೊದಲ ವಾರದಲ್ಲೇ ಕೆಲವು ದೇಶಗಳು ಸೇರಿ ಒಂದು ಘೋಷಣೆಗೆ ಸಹಿ ಹಾಕಿದವು. ಹವಾಮಾನದ ಬಗ್ಗೆ ಸುಳ್ಳು ಹರಡುವುದು ನಿಲ್ಲಬೇಕು, ಪರಿಸರದ ಸುದ್ದಿ ಬರೆಯುವವರ ಮೇಲಿನ ದಾಳಿಯೂ ನಿಲ್ಲಬೇಕು ಅಂತ. ಅಂತೂ ನಮ್ಮ ಪತ್ರಕರ್ತರ ಜಾತಿಯನ್ನೂ ಯಾರೋ ಗಮನಿಸಿದರಲ್ಲ ಅಂತ ಖುಷಿಯಾಯಿತು.

ಎರಡನೇ ವಾರ ಸಮ್ಮೇಳನದ ಮಂಟಪಕ್ಕೇ ಬೆಂಕಿ ಬಿತ್ತು. ಭೂಮಿ ಬಿಸಿಯಾಗುತ್ತಿದೆಯೋ ಇಲ್ಲವೋ, ಆಗಿದ್ದರೆ ಎಷ್ಟು, ಅದನ್ನು ಯಾವ ಪದದಲ್ಲಿ ಬರೆಯಬೇಕು ಅಂತ ಕೂತಿದ್ದವರೆಲ್ಲ ಹೊಗೆಯಲ್ಲಿ ಹೊರಗೋಡಿದರು. ಇದನ್ನು ನಾನು ಕಟ್ಟಿ ಬರೆದಿದ್ದರೆ ಸಂಪಾದಕರು 'ಸ್ವಲ್ಪ ಜಾಸ್ತಿಯಾಯಿತು ಕಣ್ರೀ' ಅಂತ ಹೊಡೆದು ಹಾಕುತ್ತಿದ್ದರು. ವಿಡಂಬನೆ ಬರೆದು ಬದುಕುವವರ ಹೊಟ್ಟೆಯ ಮೇಲೆ ಲೋಕ ಹೀಗೆಲ್ಲ ಹೊಡೆಯಬಾರದು.

ಬೆಂಕಿ ಆರಿತು. ಅಂತಿಮ ಪಠ್ಯವೂ ಬಂತು. ತೈಲ, ಅನಿಲ, ಕಲ್ಲಿದ್ದಲಿನಿಂದ ಹೊರಬರುವ ದಾರಿಯನ್ನು ಬರೆದೇ ಬಿಡೋಣ ಅಂತ 80ಕ್ಕೂ ಹೆಚ್ಚು ದೇಶಗಳು ಕೇಳಿದ್ದವು. ದಾರಿ ಹಾಗಿರಲಿ, ಆ ಪಠ್ಯದಲ್ಲಿ ಪಳೆಯುಳಿಕೆ ಇಂಧನದ ಹೆಸರೇ ಇಲ್ಲ! ಭೂಮಿ ಬಿಸಿಯಾಗಿದೆ. ಪಾಪ, ತನ್ನಷ್ಟಕ್ಕೆ ತಾನೇ ಆಗಿಬಿಟ್ಟಿದೆ. ಯಾರೂ ಏನೂ ಮಾಡಿಲ್ಲ.

ಬೈಯಬೇಕು ಅಂತ ಹೊರಟವನಿಗೆ ಆಮೇಲೆ ಮೆಚ್ಚುಗೆಯೇ ಬಂತು. ಎಂಥ ಸಂಪಾದಕೀಯ ಕೌಶಲ! ಪರಿಸರ ಪತ್ರಿಕೋದ್ಯಮ ಬಹಳ ಮುಖ್ಯ ಅಂತ ಈಗ ಒಪ್ಪದವರೇ ಇಲ್ಲ. ಮಂತ್ರಿಗಳು ಒಪ್ಪುತ್ತಾರೆ. ಕಂಪನಿಗಳು ಒಪ್ಪಿ, ಮೇಲೊಂದು ಪ್ರಶಸ್ತಿಯನ್ನೂ ಪ್ರಾಯೋಜಿಸುತ್ತವೆ. ಹಿಮ ಕರಗುತ್ತಿದೆ ಅಂತ ಬರೆಯಿರಿ, ಚಪ್ಪಾಳೆ. ಹವಳ ಬಿಳಿಚಿಕೊಂಡಿದೆ ಅಂತ ಬರೆಯಿರಿ, ಇನ್ನೂ ಜೋರು ಚಪ್ಪಾಳೆ. ಮನುಕುಲವೇ ತಪ್ಪು ಮಾಡಿದೆ ಅಂತ ಬರೆದರೆ ಮುಖ್ಯ ಅತಿಥಿಗಳು ಎದ್ದು ನಿಲ್ಲುತ್ತಾರೆ. ಆದರೆ ಗಣಿ ಯಾರದ್ದು, ಲಾರಿ ಯಾರದ್ದು, ಕಡತದಲ್ಲಿ ಸಹಿ ಯಾರದ್ದು ಅಂತ ಬರೆದಿರೋ, ಅವತ್ತೇ ನೀವು ಅಭಿವೃದ್ಧಿ ವಿರೋಧಿ. ಸುದ್ದಿಮನೆಗಳಲ್ಲಿ ಹಳಬರು ಹೊಸಬರಿಗೆ ಪಿಸುಗುಟ್ಟುವ ಈ ನಿಯಮವನ್ನು ಬೆಲೆಂನಲ್ಲಿ ಇಡೀ ಜಗತ್ತೇ ಪಾಲಿಸಿತು, ಅಷ್ಟೆ.

ಈ ನಿಯಮದಿಂದ ಬದುಕಿಕೊಂಡ ದೊಡ್ಡ ತಾರೆ ಅಂದರೆ ಹಿಮಕರಡಿ. ಹವಾಮಾನದ ಸುದ್ದಿ ಎಲ್ಲೇ ಬರಲಿ, ಪಕ್ಕದಲ್ಲಿ ಒಂದು ತುಂಡು ಮಂಜಿನ ಮೇಲೆ ಅದು ನಿಂತಿರಲೇಬೇಕು. ಯಾಕೆ ಗೊತ್ತಾ? ಕರಡಿಗೆ ವಕೀಲರಿಲ್ಲ. ಅದು ಮಾನನಷ್ಟ ಮೊಕದ್ದಮೆ ಹಾಕುವುದಿಲ್ಲ. ಸಿಟ್ಟು ಬಂತು ಅಂತ ಜಾಹೀರಾತು ವಾಪಸ್ ತಗೊಳ್ಳುವುದಿಲ್ಲ. ಪತ್ರಿಕೆಯ ಮಾಲೀಕರಿಗೆ ಅದರ ಪರಿಚಯ ಇರುವುದಿಲ್ಲ, ರಾತ್ರಿ ಹತ್ತು ಗಂಟೆಗೆ ಫೋನ್ ಮಾಡಿ 'ನಿಮ್ಮ ಹುಡುಗ ಏನೋ ಬರೀತಿದ್ದಾನಂತೆ' ಅನ್ನುವುದಿಲ್ಲ. ಇಷ್ಟು ಸಭ್ಯ ಸುದ್ದಿಮೂಲ ಇನ್ನೆಲ್ಲಿ ಸಿಗಬೇಕು?

ಅದೇ ಕರಡಿಯ ವಿಷಯದಲ್ಲೂ ಒಮ್ಮೆ ಎಡವಟ್ಟಾಯಿತು. 2017ರಲ್ಲಿ ಎಲುಬು ಚರ್ಮವಾಗಿದ್ದ ಒಂದು ಕರಡಿಯ ವಿಡಿಯೊ ಜಗತ್ತನ್ನೆಲ್ಲ ಸುತ್ತಿತು. ನ್ಯಾಷನಲ್ ಜಿಯೊಗ್ರಾಫಿಕ್ ಅದಕ್ಕೆ ಹವಾಮಾನ ಬದಲಾವಣೆ ಅಂದರೆ ಇದೇ ಅನ್ನುವ ಅರ್ಥದ ಶೀರ್ಷಿಕೆ ಕೊಟ್ಟಿತ್ತು. ಮರುವರ್ಷ, ಆ ಒಂದು ಕರಡಿ ಯಾಕೆ ಸೊರಗಿತ್ತು ಅಂತ ಖಚಿತವಾಗಿ ಹೇಳಲು ಬರುವುದಿಲ್ಲ, ನಾವು ಹೇಳಿದ್ದು ಅತಿಯಾಯಿತು ಅಂತ ಅದೇ ಪತ್ರಿಕೆ ಒಪ್ಪಿಕೊಂಡಿತು. ಪತ್ರಿಕೆ ಅಂದಮೇಲೆ ಹಾಗೇ ಇರಬೇಕು. ಆದರೆ ಆ ತಿದ್ದುಪಡಿಯನ್ನು ಹಿಡಿದುಕೊಂಡು ಕುಣಿದವರನ್ನು ನೋಡಬೇಕಿತ್ತು. ಒಂದು ಕರಡಿಯ ರೋಗ ಗೊತ್ತಾಗಲಿಲ್ಲ, ಆದ್ದರಿಂದ ಭೂಮಿಗೆ ಜ್ವರವೇ ಇಲ್ಲ!

ಅವರೇ ಎಕ್ಸಾನ್ ಅನ್ನುವ ಅಮೆರಿಕದ ತೈಲ ಕಂಪನಿಯ ತಿದ್ದುಪಡಿಗೆ ಇಷ್ಟು ಉತ್ಸಾಹದಿಂದ ಕಾದಿದ್ದರೆ ಚೆನ್ನಾಗಿತ್ತು. 1977ರಲ್ಲೇ ಜೇಮ್ಸ್ ಬ್ಲಾಕ್ ಅನ್ನುವ ಅವರದೇ ವಿಜ್ಞಾನಿ ಕಂಪನಿಯ ಹಿರಿಯರ ಮುಂದೆ ನಿಂತು, ತೈಲ ಕಲ್ಲಿದ್ದಲು ಸುಟ್ಟರೆ ಭೂಮಿ ಬಿಸಿಯಾಗುತ್ತದೆ ಅಂತ ವಿವರಿಸಿದ್ದ. ಆಮೇಲೆ ಅವರ ವಿಜ್ಞಾನಿಗಳು ಲೆಕ್ಕ ಹಾಕಿ ನಕ್ಷೆಗಳನ್ನೂ ಬರೆದರು. 2023ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನ ಹೇಳುವಂತೆ ಆ ಮುನ್ಸೂಚನೆಗಳಲ್ಲಿ 63ರಿಂದ 83 ಶೇಕಡಾ ಸರಿಯಾಗಿಯೇ ಬಂದಿವೆ. ಇಷ್ಟು ನಿಖರವಾಗಿ ಭವಿಷ್ಯ ಹೇಳಿದವರಿಗೆ ಊರೂರಲ್ಲಿ ಸನ್ಮಾನ ಆಗಬೇಕಿತ್ತು. ಆದರೆ ವಿನಯ ನೋಡಿ, ಕಂಪನಿ ಅದನ್ನು ಜನರ ಮುಂದೆ ಹೇಳಿಕೊಳ್ಳಲೇ ಇಲ್ಲ. 2000ದಲ್ಲಿ ಕೂಡ ಈ ವಿಜ್ಞಾನ ಇನ್ನೂ ಇತ್ಯರ್ಥವಾಗಿಲ್ಲ ಅಂತ ಲೇಖನದ ವೇಷದಲ್ಲಿ ಜಾಹೀರಾತು ಕೊಟ್ಟಿತು. ಒಳಗಿನ ಕಾಗದಗಳನ್ನು ಹೆಕ್ಕಿ ಹೊರತೆಗೆದದ್ದು 2015ರಲ್ಲಿ, ಇನ್‌ಸೈಡ್ ಕ್ಲೈಮೇಟ್ ನ್ಯೂಸ್ ಅನ್ನುವ ಪುಟ್ಟ ಸುದ್ದಿಸಂಸ್ಥೆ. ಮತ್ತೆ ಆ ಜಾಹೀರಾತು ಅಚ್ಚಾಗಿದ್ದು ಎಲ್ಲಿ? ನ್ಯೂಯಾರ್ಕ್ ಟೈಮ್ಸ್‌ನ ಅಭಿಪ್ರಾಯ ಪುಟದ ಪಕ್ಕದಲ್ಲೇ. ಹಣ ಬಂತು, ಜಾಗ ಕೊಟ್ಟರು. ಕಂಪನಿಗಳನ್ನು ಬೈಯುವಾಗ ನಮ್ಮವರು ಈ ಸಾಲನ್ನು ಸ್ವಲ್ಪ ಮೆಲ್ಲಗೆ ಓದುತ್ತಾರೆ.

ಇನ್ನು ಸಮತೋಲನ ಅನ್ನುವ ಕಾಯಿಲೆ. 2017ರಲ್ಲಿ ಬಿಬಿಸಿ ರೇಡಿಯೊದಲ್ಲಿ ಬ್ರಿಟನ್ನಿನ ಮಾಜಿ ಹಣಕಾಸು ಮಂತ್ರಿ ನೈಜೆಲ್ ಲಾಸನ್, ಕಳೆದ ಹತ್ತು ವರ್ಷಗಳಲ್ಲಿ ಜಗತ್ತಿನ ಸರಾಸರಿ ಉಷ್ಣತೆ ಇಳಿದಿದೆ ಅಂದುಬಿಟ್ಟರು. ಇಳಿದಿರಲಿಲ್ಲ. ಎದುರಿಗೆ ಕೂತವರು ತಡೆಯಲೂ ಇಲ್ಲ. ಆಮೇಲೆ ಗದ್ದಲವಾಯಿತು, ತಪ್ಪಾಯಿತು ಅಂತ ಬಿಬಿಸಿ ಒಪ್ಪಿಕೊಂಡಿತು. ಮರುವರ್ಷ ಬಿಬಿಸಿ ತನ್ನ ಸಿಬ್ಬಂದಿಗೆ, ಚರ್ಚೆ ಸಮತೋಲ ಆಗಲು ಹವಾಮಾನ ಬದಲಾವಣೆಯನ್ನೇ ಅಲ್ಲಗಳೆಯುವವರನ್ನು ಕರೆಸಬೇಕಾಗಿಲ್ಲ ಅಂತ ತಿಳಿಹೇಳಿತು. ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನದ ಸಮಿತಿ ಐಪಿಸಿಸಿಯ ಮೊದಲ ವರದಿ ಬಂದದ್ದು 1990ರಲ್ಲಿ. ಅವಸರ ಪಡದೆ 28 ವರ್ಷ ಕೂತು ಯೋಚಿಸಿದ ಆ ತಾಳ್ಮೆಗೆ ನಮಸ್ಕಾರ.

ಬಿಸಿಗಾಳಿಯ ಸುದ್ದಿಯನ್ನು ಗಮನಿಸಿದ್ದೀರಾ? ಪಠ್ಯದಲ್ಲಿ ಜನ ಸಾಯುತ್ತಿರುತ್ತಾರೆ. ಚಿತ್ರದಲ್ಲಿ ಮಕ್ಕಳು ಕಾರಂಜಿಯಲ್ಲಿ ಆಡುತ್ತಿರುತ್ತಾರೆ, ಕಡಲತೀರದಲ್ಲಿ ಬಣ್ಣದ ಕೊಡೆ, ಕೈಯಲ್ಲಿ ಐಸ್‌ಕ್ರೀಮ್. 2022ರ ಜುಲೈನಲ್ಲಿ ಬ್ರಿಟನ್ನಿನಲ್ಲಿ ಮೊದಲ ಸಲ ಉಷ್ಣತೆ 40 ಡಿಗ್ರಿ ದಾಟಿತು. ಅದಕ್ಕೆ ಕೆಲ ದಿನ ಮೊದಲು ಹವಾಮಾನ ತಜ್ಞರೊಬ್ಬರು ಟಿವಿಯಲ್ಲಿ ಸಾವಿನ ಎಚ್ಚರಿಕೆ ಕೊಡುತ್ತಿದ್ದರೆ ನಿರೂಪಕಿಗೆ, ಬಿಸಿಲನ್ನು ಖುಷಿಯಾಗಿ ಅನುಭವಿಸಬಾರದಾ ಅನ್ನುವ ಚಿಂತೆ.

ಅಮೆರಿಕದ ಅಯೋವಾದಲ್ಲಿ ಕ್ರಿಸ್ ಗ್ಲೋನಿಂಜರ್ ಅಂತ ಒಬ್ಬರಿದ್ದರು. ಟಿವಿಯಲ್ಲಿ ನಾಳೆ ಮಳೆಯೋ ಬಿಸಿಲೋ ಅಂತ ಹೇಳುವ ಕೆಲಸ. ಜಗತ್ತಿನಲ್ಲಿ ಇದಕ್ಕಿಂತ ನಿರುಪದ್ರವಿ ಕೆಲಸ ಇರಲಿಕ್ಕಿಲ್ಲ. ಹೆಚ್ಚೆಂದರೆ ಛತ್ರಿ ತರದವರು ಬೈದಾರು. ಅವರು ಬಿಸಿಲಿನ ಜೊತೆ ಬಿಸಿಲಿನ ಕಾರಣವನ್ನೂ ಹೇಳತೊಡಗಿದರು. 2022ರಲ್ಲಿ ಬೆದರಿಕೆಯ ಇಮೇಲ್‌ಗಳು ಶುರುವಾದವು. ಮನೆ ವಿಳಾಸ ಕೊಡು, ಬಂದು ನೋಡಿಕೊಳ್ಳುತ್ತೇವೆ ಅನ್ನುವ ಧಾಟಿ. 2023ರಲ್ಲಿ ಅವರು ಕೆಲಸ ಬಿಟ್ಟರು. ಮಳೆ ಬರುತ್ತದೆ ಅಂದವನಿಗೂ ಪೊಲೀಸ್ ರಕ್ಷಣೆ ಬೇಕಾಗುವ ಕಾಲ.

ಅದು ಬರೀ ಇಮೇಲ್. ಬಾಕುಗೆ ಬನ್ನಿ. 2024ರ ಹವಾಮಾನ ಸಮ್ಮೇಳನ ನಡೆದದ್ದು ಅಲ್ಲೇ, ಆತಿಥ್ಯ ಅಜರ್‌ಬೈಜಾನ್‌ದು. ಅಧ್ಯಕ್ಷ ಇಲ್ಹಾಮ್ ಅಲಿಯೇವ್ ವೇದಿಕೆಯ ಮೇಲೆ ನಿಂತು, ತೈಲ ಮತ್ತು ಅನಿಲ ದೇವರ ಕೊಡುಗೆ ಅಂದರು. ಅದೇ ಭಾಷಣದಲ್ಲಿ ಪಶ್ಚಿಮದ ಸುಳ್ಳು ಮಾಧ್ಯಮಗಳನ್ನೂ ತರಾಟೆಗೆ ತಗೊಂಡರು. ದೇವರು ಕೊಟ್ಟಿದ್ದನ್ನು ಪ್ರಶ್ನೆ ಮಾಡುವವರು ಪತ್ರಕರ್ತರೇ ಅಲ್ವಾ, ಸಿಟ್ಟು ಸಹಜ. ಇದರ ಹಿಂದಿನ ವರ್ಷ ಸೋಯುದ್ಲು ಅನ್ನುವ ಹಳ್ಳಿಯ ಜನ, ಚಿನ್ನದ ಗಣಿಯ ವಿಷದ ಕೆಸರಿಗೆ ಇನ್ನೊಂದು ಹೊಂಡ ಬೇಡ ಅಂತ ಬೀದಿಗಿಳಿದಿದ್ದರು. ಅಲ್ಲಿಗೆ ಹೋಗಿ ವರದಿ ಮಾಡಿದ್ದ ಅಬ್ಜಾಸ್ ಮೀಡಿಯಾ ಅನ್ನುವ ಸುದ್ದಿಸಂಸ್ಥೆಯ ಯುವ ವರದಿಗಾರ್ತಿ, ಜಗತ್ತಿನ ಹಸಿರು ಪ್ರತಿನಿಧಿಗಳು ಬಾಕುವಿನಲ್ಲಿ ಕೈಕುಲುಕುತ್ತಿದ್ದಾಗ ಜೈಲಿನಲ್ಲಿದ್ದಳು. ಆರೋಪ ಗಣಿಯದ್ದಲ್ಲ, ವಿದೇಶಿ ಹಣದ ಕಳ್ಳಸಾಗಣೆ. 2025ರ ಜೂನ್‌ನಲ್ಲಿ ಆ ಪ್ರಕರಣದ ಪತ್ರಕರ್ತರಿಗೆ ಏಳೂವರೆಯಿಂದ ಒಂಬತ್ತು ವರ್ಷದವರೆಗೆ ಶಿಕ್ಷೆ ಆಯಿತು. ಅಷ್ಟರಲ್ಲಿ ಸಮ್ಮೇಳನ ಮುಗಿದು, ಎಲ್ಲರೂ ವಿಮಾನ ಹತ್ತಿ, ಬೆಲೆಂಗೆ ಹೋಟೆಲ್ ಹುಡುಕುತ್ತಿದ್ದರು.

ಗ್ವಾಟೆಮಾಲದ ಕಾರ್ಲೋಸ್ ಚೋಕ್ ಮಾಡಿದ ಅಪರಾಧ ಇನ್ನೂ ಘೋರ. ಫೋಟೊ ತೆಗೆದ. 2017ರ ಮೇ ತಿಂಗಳು, ಇಜಬಾಲ್ ಸರೋವರ ಕೆಡುತ್ತಿದೆ ಅಂತ ಮೀನುಗಾರರು ನಿಕ್ಕಲ್ ಗಣಿಯ ವಿರುದ್ಧ ರಸ್ತೆ ತಡೆದಿದ್ದರು. ಒಬ್ಬ ಮೀನುಗಾರ ಗುಂಡೇಟಿಗೆ ಸತ್ತ. ಯಾರೂ ಸತ್ತಿಲ್ಲ ಅಂದರು ಅಧಿಕಾರಿಗಳು. ಚೋಕ್‌ನ ಫೋಟೊದಲ್ಲಿ ಹೆಣ ಇತ್ತು. ಬಂಧನದ ವಾರಂಟ್ ಹೊರಟಿದ್ದು ಚೋಕ್ ಮೇಲೆ.

ಮಧ್ಯಪ್ರದೇಶದ ಭಿಂಡ್‌ನಲ್ಲಿ ಸಂದೀಪ್ ಶರ್ಮಾ ಅಕ್ರಮ ಮರಳು ಮತ್ತು ಪೊಲೀಸರ ನಂಟನ್ನು ಬಯಲು ಮಾಡಿದ. ಜೀವ ಬೆದರಿಕೆ ಇದೆ, ರಕ್ಷಣೆ ಕೊಡಿ ಅಂತ ಬರೆದುಕೊಟ್ಟ. 2018ರ ಮಾರ್ಚ್ 26ರಂದು ಬೈಕಿನಲ್ಲಿ ಹೋಗುತ್ತಿದ್ದವನ ಮೇಲೆ ಲಾರಿ ಹರಿಯಿತು. ಲಾರಿ ಅವನ ಕಡೆಗೇ ತಿರುಗಿದ್ದು ಸಿಸಿಟಿವಿಯಲ್ಲಿದೆ. ಮರಳಿಗೂ ಹವಾಮಾನಕ್ಕೂ ಏನು ಸಂಬಂಧ ಅಂತ ಕೇಳುವವರಿದ್ದಾರೆ. ಮರಳಿಲ್ಲದ ನದಿ ಬರದಲ್ಲಿ ಬೇಗ ಬತ್ತುತ್ತದೆ, ನೆರೆಯಲ್ಲಿ ಬೇಗ ದಂಡೆ ಕೊರೆಯುತ್ತದೆ. ಈ ಸಂಬಂಧ ವಿವರಿಸಬೇಕಾದ ಪತ್ರಕರ್ತರೇ ಲಾರಿ ಅಡಿಗೆ ಹೋದರೆ ಯಾರು ವಿವರಿಸುವುದು?

2022ರ ಜೂನ್ 5. ವಿಶ್ವ ಪರಿಸರ ದಿನ. ಆ ವರ್ಷದ ಘೋಷವಾಕ್ಯ 'ಒಂದೇ ಒಂದು ಭೂಮಿ'. ಸಸಿ, ಸಲಿಕೆ, ಒಂದು ಗಿಡಕ್ಕೆ ಹನ್ನೆರಡು ಕೈ, ನಗು. ಅದೇ ದಿನ ಅಮೆಜಾನ್‌ನ ಜವಾರಿ ಕಣಿವೆಯಲ್ಲಿ ಪತ್ರಕರ್ತ ಡಾಮ್ ಫಿಲಿಪ್ಸ್ ಮತ್ತು ಮೂಲನಿವಾಸಿಗಳ ಪರ ಕೆಲಸ ಮಾಡುತ್ತಿದ್ದ ಬ್ರೂನೊ ಪೆರೇರಾ ಹೋಗುತ್ತಿದ್ದ ದೋಣಿ ಕಾಣೆಯಾಯಿತು. ಇಬ್ಬರನ್ನೂ ಗುಂಡಿಟ್ಟು ಕೊಂದಿದ್ದರು. ಇನ್ನೂ ಹುಡುಕಾಟ ನಡೆಯುತ್ತಿದ್ದಾಗಲೇ ಬ್ರೆಜಿಲ್‌ನ ಅಂದಿನ ಅಧ್ಯಕ್ಷ ಬೊಲ್ಸೊನಾರೊ, ಅದೊಂದು ಮಾಡಬಾರದ ಸಾಹಸವಾಗಿತ್ತು ಅಂದರು. ಕಾಡು ಕಡಿಯುವವನದ್ದು ಉದ್ಯಮ, ಕಾಡು ನೋಡಲು ಹೋದವನದ್ದು ಸಾಹಸ. ಫಿಲಿಪ್ಸ್ ಬರೆಯುತ್ತಿದ್ದ ಪುಸ್ತಕವನ್ನು ಗೆಳೆಯರು ಸೇರಿ ಮುಗಿಸಿದರು.

ಇಲ್ಲಿ ನನಗೆ ತಮಾಷೆ ಹೊಳೆಯುತ್ತಿಲ್ಲ. ಯುನೆಸ್ಕೊ 2024ರಲ್ಲಿ ಲೆಕ್ಕ ಕೊಟ್ಟಿದೆ. ಹದಿನೈದು ವರ್ಷಗಳಲ್ಲಿ ಪರಿಸರದ ಸುದ್ದಿ ಮಾಡುತ್ತಿದ್ದ 44 ಪತ್ರಕರ್ತರ ಕೊಲೆ. ಶಿಕ್ಷೆಯಾಗಿದ್ದು ಐದು ಪ್ರಕರಣಗಳಲ್ಲಿ. 129 ದೇಶಗಳ 905 ಪತ್ರಕರ್ತರನ್ನು ಕೇಳಿದಾಗ 70 ಶೇಕಡಾಕ್ಕಿಂತ ಹೆಚ್ಚು ಮಂದಿ, ದಾಳಿಯೋ ಬೆದರಿಕೆಯೋ ಒತ್ತಡವೋ ಅನುಭವಿಸಿದ್ದೇವೆ ಅಂದರು. ಇವರ ಪೈಕಿ ಎಷ್ಟೋ ಜನ ದೊಡ್ಡ ಪತ್ರಿಕೆಯ ಗುರುತಿನ ಚೀಟಿಯೂ ಇಲ್ಲದವರು. ಸುದ್ದಿಗಿಷ್ಟು ಅಂತ ಎಣಿಸಿ ಹಣ ಪಡೆಯುವವರು. ಅದೇ ಊರಲ್ಲಿ, ತಾವು ಯಾರ ಬಗ್ಗೆ ಬರೆದರೋ ಅವರ ಎದುರೇ ಬದುಕಬೇಕಾದವರು. ರಾಜಧಾನಿಯಲ್ಲಿ ಕೂತು ಅಂಕಣ ಬರೆಯುವ ನನ್ನಂಥವರಿಗೆ ಲಾರಿಯ ಭಯವಿಲ್ಲ. ಅವರು ಸತ್ತ ಮೇಲೆ ನಮಗೆ ಲೇಖನಕ್ಕೆ ವಸ್ತು ಸಿಗುತ್ತದೆ. ಇದಕ್ಕಿಂತ ಅಸಹ್ಯ ಏನಿದೆ, ಹೇಳಿ.

ಮಿಖಾಯಿಲ್ ಬೆಕೆಟೋವ್ ಹೆಸರು ಈಗ ಯಾರಿಗೂ ನೆನಪಿಲ್ಲ. ಮಾಸ್ಕೊ ಪಕ್ಕದ ಖಿಮ್ಕಿಯಲ್ಲಿ ಸಣ್ಣದೊಂದು ಪತ್ರಿಕೆ ನಡೆಸುತ್ತಿದ್ದರು. ಮಾಸ್ಕೊದಿಂದ ಸೇಂಟ್ ಪೀಟರ್ಸ್‌ಬರ್ಗ್‌ಗೆ ಹೆದ್ದಾರಿ ಮಾಡಲು ಖಿಮ್ಕಿಯ ಕಾಡನ್ನು ಸೀಳುವ ಯೋಜನೆಯ ವಿರುದ್ಧ ಬರೆದರು. ಹೆಸರು ಹಾಕಿಯೇ ಬರೆದರು. 2007ರಲ್ಲಿ ಅವರ ಕಾರು ಸುಟ್ಟರು. ಇದರ ಹಿಂದೆ ಮೇಯರ್ ಇದ್ದಾರೆ ಅಂತ ಅವರು ಟಿವಿಯಲ್ಲಿ ಹೇಳಿದರು. 2008ರ ನವೆಂಬರ್‌ನಲ್ಲಿ ಅವರನ್ನು ಮನೆಯ ಅಂಗಳದಲ್ಲೇ ಹೊಡೆದು ಹಾಕಿ ಹೋದರು. ಒಂದು ಕಾಲು ಹೋಯಿತು, ಬೆರಳುಗಳು ಹೋದವು, ಮಾತು ಹೋಯಿತು. 2010ರಲ್ಲಿ ಕೋರ್ಟು ಕೊನೆಗೂ ಒಬ್ಬ ಅಪರಾಧಿಯನ್ನು ಪತ್ತೆ ಮಾಡಿತು. ಬೆಕೆಟೋವ್! ಮೇಯರ್‌ನ ಮಾನ ಕಳೆದಿದ್ದಕ್ಕೆ. ಮಾತಾಡಲಾಗದ ಮನುಷ್ಯನಿಗೆ, ಆಡಿದ ಮಾತಿಗಾಗಿ 5000 ರೂಬಲ್ ದಂಡ. ಮೇಲಿನ ಕೋರ್ಟು ಅದನ್ನು ರದ್ದು ಮಾಡಿತು, ಅಷ್ಟರ ಮಟ್ಟಿಗೆ ನ್ಯಾಯ ಉಳಿಯಿತು. 2013ರಲ್ಲಿ ಅವರು ತೀರಿಕೊಂಡರು. ಹೊಡೆದವರು ಸಿಕ್ಕಿಲ್ಲ. ಹೆದ್ದಾರಿ ಆಗಿದೆ, ಟೋಲ್ ಕಟ್ಟಿ ಹೋಗಬಹುದು.