ಮೂರು ಗಣದ ಲೆಕ್ಕಕ್ಕೆ ಒಂದೇ ಸೂತ್ರ ಅನ್ನೋ ಮೆಸೇಜ್ ತಪ್ಪು

ಎಂಬಿಎ ಪ್ರವೇಶ ಪರೀಕ್ಷೆಗಳಾದ ಕ್ಯಾಟ್, ಜಿಮ್ಯಾಟ್‌ಗೆ ಓದುವವರ ಗ್ರೂಪ್‌ಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. "ಮೂರು ಗಣ ಬಂದರೆ ಮೂರನ್ನೂ ಕೂಡಿಸಿ, ಎರಡೆರಡರಲ್ಲಿ ಇರುವವರನ್ನು ಕಳೆಯಿರಿ, ಮೂರರಲ್ಲೂ ಇರುವವರ ಎರಡರಷ್ಟನ್ನು ಕಳೆಯಿರಿ, ಯಾವಾಗಲೂ ಇದೇ" ಅಂತ. (ಗಣ ಅಂದರೆ ಸೆಟ್, ಒಂದು ಗುಂಪು.) ಆ 'ಯಾವಾಗಲೂ' ತಪ್ಪು.

100 ಜನರಲ್ಲಿ ಕಾಫಿ ಕುಡಿಯುವವರು 50, ಟೀ 40, ಹಾಲು 30. ಕಾಫಿ-ಟೀ ಎರಡೂ 15, ಟೀ-ಹಾಲು 10, ಕಾಫಿ-ಹಾಲು 12, ಮೂರೂ ಕುಡಿಯುವವರು 5. (ಮೂರೂ ಕುಡಿಯೋರು ಯಾರಪ್ಪಾ ಅನ್ನಬೇಡಿ, ಪರೀಕ್ಷೆಯಲ್ಲಿ ಇರುತ್ತಾರೆ.) ಮೆಸೇಜ್ ಪ್ರಕಾರ ಏನಾದರೂ ಕುಡಿಯುವವರು 120 − 37 − 10 = 73. ಸರಿ ಉತ್ತರ 120 − 37 + 5 = 88.

ಯಾಕೆ ಅಂದರೆ, ಪ್ರತಿಯೊಬ್ಬರೂ ಒಂದೇ ಸಲ ಲೆಕ್ಕಕ್ಕೆ ಬರಬೇಕು ಅಲ್ವಾ? ಮೂರೂ ಕುಡಿಯುವ ಆ 5 ಜನ 120ರಲ್ಲಿ ಮೂರು ಸಲ ಬಂದಿದ್ದಾರೆ, 15, 10, 12 ಈ ಮೂರರಲ್ಲೂ ಇರುವುದರಿಂದ 37 ಕಳೆದಾಗ ಮೂರು ಸಲವೂ ಹೋಗಿಬಿಟ್ಟರು, ಹಾಗಾಗಿ ಒಂದು ಸಲ ವಾಪಸ್ ಕೂಡಿಸಬೇಕು.

ಮೆಸೇಜಿನ ಸೂತ್ರ ಸುಮ್ನೆ ಹುಟ್ಟಿದ್ದೇನಲ್ಲ. ಪ್ರಶ್ನೆಯಲ್ಲಿ 'ಸರಿಯಾಗಿ ಎರಡನ್ನು ಮಾತ್ರ' ಅಂತ ಕೊಟ್ಟಿದ್ದರೆ ಅದೇ ಸರಿ. ಇಲ್ಲಿ 15, 10, 12 ಒಂದೊಂದರಿಂದಲೂ ಮೂರೂ ಕುಡಿಯುವ 5 ಜನರನ್ನು ತೆಗೆದರೆ ಅಂಥವರು 10 + 5 + 7 = 22. 120 − 22 − 10, ಮತ್ತೆ 88. 'ಕನಿಷ್ಠ ಎರಡು' ಅಂತಿದ್ದರೆ ಆ ಸಂಖ್ಯೆ 27, ಆಗ ಮೂರರಲ್ಲೂ ಇರುವವರನ್ನು ಒಂದೇ ಸಲ ಕಳೆಯಬೇಕು.

'ಮಾತ್ರ' ಇದೆಯಾ ಇಲ್ಲವಾ ನೋಡಿ, ಗೊಂದಲವಾದರೆ ವೆನ್ ಚಿತ್ರ (ಒಂದರ ಮೇಲೊಂದು ಹಾಯುವ ಮೂರು ವೃತ್ತ) ಬರೆದು, ಮೂರೂ ಸೇರುವ ನಡುವಿನಿಂದ ತುಂಬಿ. ಆ ಮೆಸೇಜ್ ಬಂದರೆ ದಯವಿಟ್ಟು ಮುಂದೆ ಕಳಿಸಬೇಡಿ.