ಫೋನೊ ಪ್ರಿಆಂಪ್ ಬರೀ ವಾಲ್ಯೂಮ್ ಹೆಚ್ಚಿಸೋ ಡಬ್ಬಿ ಅಲ್ಲ

"ರೆಕಾರ್ಡ್ ಪ್ಲೇಯರ್‌ಗೆ ಫೋನೊ ಪ್ರಿಆಂಪ್ ಸುಮ್ನೆ ದುಡ್ಡು ದಂಡ. ಆಕ್ಸ್‌ಗೆ ಚುಚ್ಚಿ ವಾಲ್ಯೂಮ್ ಜಾಸ್ತಿ ಮಾಡಿ ಸಾಕು" ಅಂತ ಒಂದು ಫಾರ್ವರ್ಡ್ ಓಡಾಡ್ತಾ ಇದೆ. ಇದು ತಪ್ಪು. ಫೋನೊ ಪ್ರಿಆಂಪ್ ಅಂದ್ರೆ ರೆಕಾರ್ಡ್ ಪ್ಲೇಯರ್‌ಗೂ ಆಂಪ್ಲಿಫೈಯರ್‌ಗೂ ನಡುವೆ ಕೂರೋ ಡಬ್ಬಿ; ಆಕ್ಸ್ ಅಂದ್ರೆ ಆಂಪ್ಲಿಫೈಯರ್‌ನ ಸಾದಾ ಇನ್‌ಪುಟ್.

ತಟ್ಟೆಯ ಗೀರಿನಲ್ಲಿ ಹಾಡು ಇದ್ದ ಹಾಗೇ ಇರೋದಿಲ್ಲ. ದಪ್ಪ ಸ್ವರಕ್ಕೆ ಗೀರು ಅಗಲವಾಗಿ ಓಲಾಡುತ್ತದೆ, ಜಾಗ ತಿನ್ನುತ್ತದೆ. ಅದಕ್ಕೇ ಕೊರೆಯುವಾಗ ಬೇಸ್ ತಗ್ಗಿಸಿ, ಸೂಜಿಯ ಸರಸರ ಸದ್ದು ಮುಚ್ಚಿಹೋಗಲಿ ಅಂತ ಟ್ರೆಬಲ್ ಏರಿಸುತ್ತಾರೆ. 1954ರಲ್ಲಿ ಬಂದ ಆರ್‌ಐಎಎ (ಅಮೆರಿಕದ ರೆಕಾರ್ಡಿಂಗ್ ಉದ್ಯಮ ಸಂಘ) ಕರ್ವ್ ಅಂದ್ರೆ ಇದೇ. 20 ಹರ್ಟ್ಸ್‌ನಲ್ಲಿ, ಅಂದ್ರೆ ತೀರಾ ದಪ್ಪ ಸ್ವರದಲ್ಲಿ, ಕಡಿತ ಸುಮಾರು 20 ಡೆಸಿಬೆಲ್. ಪ್ರಿಆಂಪ್ ಇದನ್ನು ಉಲ್ಟಾ ಮಾಡಿ, ಬೇಸ್ ಏರಿಸಿ ಟ್ರೆಬಲ್ ತಗ್ಗಿಸಿ, ಸರಿ ಮಾಡುತ್ತದೆ.

ನಾನು ಒಮ್ಮೆ ನೇರ ಆಕ್ಸ್‌ಗೆ ಹಾಕಿ ಕೇಳಿದ್ದೇನೆ. ವಾಲ್ಯೂಮ್ ಪೂರ್ತಿ ತಿರುಗಿಸಿದರೂ ಮೃದಂಗದ ಎಡಗಡೆಯ ಗುಮ್ಮು ಮಾಯ, ತೆಳ್ಳಗೆ ಚುರ್ ಅನ್ನೋ ಸದ್ದು ಮಾತ್ರ.

ಪ್ರಿಆಂಪ್ ಬೇಡ ಅನ್ನೋ ಮಾತು ಎಲ್ಲಿಂದ ಬಂದಿರಬಹುದು ಅಂದ್ರೆ, ಹಳೇ ಸೂಟ್‌ಕೇಸ್ ಪ್ಲೇಯರ್‌ಗಳ ಸೆರಾಮಿಕ್ ಕಾರ್ಟ್ರಿಜ್‌ಗೆ (ಸೂಜಿಯ ಅಲುಗಾಟವನ್ನು ವಿದ್ಯುತ್ ಸಿಗ್ನಲ್ ಮಾಡೋ ಭಾಗ) ಪ್ರಿಆಂಪ್ ನಿಜಕ್ಕೂ ಬೇಕಿರಲಿಲ್ಲ.

ಕೊಳ್ಳುವ ಮುಂಚೆ ನಿಮ್ಮ ಕಾರ್ಟ್ರಿಜ್ ಯಾವುದು ನೋಡಿ. ಮೂವಿಂಗ್ ಮ್ಯಾಗ್ನೆಟ್ ಬಗೆಯದ್ದಾದ್ರೆ ಸುಮಾರು 40 ಡೆಸಿಬೆಲ್ ಗೇನ್ (ಸಿಗ್ನಲ್ ಎಷ್ಟು ಹೆಚ್ಚಿಸುತ್ತದೆ ಅನ್ನೋ ಅಳತೆ), 47 ಕಿಲೋಓಮ್ ಇನ್‌ಪುಟ್ ಇರುವ ಸಾದಾ ಪ್ರಿಆಂಪ್ ಸಾಕು. ಮೂವಿಂಗ್ ಕಾಯಿಲ್ ಬಗೆಗೆ ಸಾಮಾನ್ಯವಾಗಿ 60 ಡೆಸಿಬೆಲ್ ಆಸುಪಾಸಿನ ಗೇನ್ ಬೇಕು. ಟರ್ನ್‌ಟೇಬಲ್ ಹಿಂದೆ ಫೋನೊ-ಲೈನ್ ಸ್ವಿಚ್ ಇದ್ರೆ ಪ್ರಿಆಂಪ್ ಒಳಗೇ ಇದೆ ಅಂತ ಅರ್ಥ. ಆಗ ಲೈನ್‌ನಲ್ಲಿಟ್ಟು ಆಕ್ಸ್‌ಗೆ ಹಾಕಿ. ಹೊರಗಿನದ್ದನ್ನೂ ಸೇರಿಸಿದ್ರೆ ಸದ್ದು ಒಡೆಯುತ್ತದೆ, ಅಲ್ವಾ?